ಬಾಡಿಗೆ ಟ್ಯಾಂಕಿನ ತಾರೀಖು ಗಿರಾಕಿಯ ಕಣ್ಣಿಗೆ ಬೀಳಲಿ: ನೇತ್ರಾಣಿ ಸ್ಕೂಬಾ ಕುರಿತು ಒಂದು ಬಹಿರಂಗ ಪತ್ರ

ಗೆ,
ನಿರ್ದೇಶಕರು, ಪ್ರವಾಸೋದ್ಯಮ ಇಲಾಖೆ, ಬೆಂಗಳೂರು
ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ ಜಿಲ್ಲೆ, ಕಾರವಾರ

ಮಾನ್ಯರೆ,

ಮುರುಡೇಶ್ವರದ ದಡದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ಸ್ಕೂಬಾಕ್ಕೆ, ಅಂದರೆ ಗಾಳಿ ತುಂಬಿದ ಟ್ಯಾಂಕ್ ಬೆನ್ನಿಗೆ ಕಟ್ಟಿಕೊಂಡು ಕಡಲೊಳಗೆ ಇಳಿಯಲು, ದೋಣಿಯಲ್ಲಿ ಹೋಗುವಷ್ಟು ಹೊತ್ತೂ ಸಿಬ್ಬಂದಿ ಏನೇನೋ ಹೇಳಿಕೊಡುತ್ತಾರೆ. ಮೂಗು ಹಿಡಿದು ಕಿವಿಯ ಒತ್ತಡ ಬಿಡಿಸುವುದು ಹೇಗೆ, ಮಾಸ್ಕಿನೊಳಗೆ ನೀರು ಬಂದರೆ ಏನು ಮಾಡಬೇಕು, ಹೆಬ್ಬೆರಳು ಮೇಲೆತ್ತಿದರೆ ಏನರ್ಥ, ಹವಳದ ಮೇಲೆ ಯಾಕೆ ಕಾಲಿಡಬಾರದು. ಎಲ್ಲವೂ ಬೇಕಾದ ಮಾತೇ. ಆದರೆ ಬೆನ್ನಿಗೆ ಕಟ್ಟುವ ಆ ಟ್ಯಾಂಕನ್ನು ಕೊನೆಯ ಸಲ ಯಾವಾಗ ಪರೀಕ್ಷೆ ಮಾಡಿಸಿದ್ದು ಅಂತ ಯಾರೂ ಹೇಳುವುದಿಲ್ಲ. ಅದನ್ನು ಕೇಳಬೇಕು ಅಂತ ಗಿರಾಕಿಗೂ ಗೊತ್ತಿರುವುದಿಲ್ಲ.

ನನ್ನ ಕೋರಿಕೆ ಇಷ್ಟೇ. ನಮ್ಮ ರಾಜ್ಯದಲ್ಲಿ ಸ್ಕೂಬಾ ನಡೆಸುವ ಪ್ರತಿ ಕೇಂದ್ರವೂ ತನ್ನ ಪ್ರತಿ ಟ್ಯಾಂಕಿನ ಪರೀಕ್ಷೆಯ ತಾರೀಖನ್ನೂ, ಟ್ಯಾಂಕಿಗೆ ತುಂಬುವ ಗಾಳಿಯ ತಪಾಸಣೆಯ ತಾರೀಖನ್ನೂ ದುಡ್ಡು ತೆಗೆದುಕೊಳ್ಳುವ ಜಾಗದಲ್ಲೇ ಬರೆದು ಹಾಕಬೇಕು. ನೀವು ಕೊಡುವ ಅನುಮತಿಗೆ ಇದನ್ನೊಂದು ಷರತ್ತು ಮಾಡಿ. ಯಾಕೆ ಇದು ಇಷ್ಟು ಮುಖ್ಯ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಸ್ಕೂಬಾ ಕಲಿತು, ರಜೆ ಸಿಕ್ಕಾಗಲೆಲ್ಲ ಕಡಲಿಗೆ ಇಳಿಯುವ ನನ್ನಂಥವರು ಮಾಸ್ಕು, ಕಾಲಿಗೆ ಹಾಕುವ ಫಿನ್, ಆಳ ಮತ್ತು ಹೊತ್ತು ತೋರಿಸುವ ಕೈಗಡಿಯಾರದಂಥ ಕಂಪ್ಯೂಟರ್ ತಮ್ಮದೇ ಒಯ್ಯುತ್ತಾರೆ. ಟ್ಯಾಂಕಿನ ಗಾಳಿಯನ್ನು ಬಾಯಿಗೆ ಹದವಾಗಿ ಕೊಡುವ ರೆಗ್ಯುಲೇಟರನ್ನು ಕೂಡ ಕೆಲವರು ಒಯ್ಯುತ್ತಾರೆ. ಟ್ಯಾಂಕ್ ಮಾತ್ರ ಯಾರೂ ಒಯ್ಯುವುದಿಲ್ಲ. ಖಾಲಿ ಟ್ಯಾಂಕೇ ಸುಮಾರು 14 ಕಿಲೋ ತೂಗುತ್ತದೆ. ಗಾಳಿ ತುಂಬಿದ ಟ್ಯಾಂಕನ್ನು ವಿಮಾನದಲ್ಲಿ ಬಿಡುವುದಿಲ್ಲ. ಹಾಗಾಗಿ ಅಂಡಮಾನಿನ ಹ್ಯಾವ್ಲಾಕ್‌ಗೆ ಹೋಗಲಿ, ಲಕ್ಷದ್ವೀಪಕ್ಕೆ ಹೋಗಲಿ, ಗೋವಾದ ಗ್ರ್ಯಾಂಡ್ ಐಲ್ಯಾಂಡ್‌ಗೋ ಮಾಲ್ವಣದ ತಾರ್ಕರ್ಲಿಗೋ ಹೋಗಲಿ, ಎಷ್ಟೇ ಅನುಭವ ಇದ್ದವರಿಗೂ ಟ್ಯಾಂಕ್ ಬಾಡಿಗೆಯದ್ದೇ. ಉಸಿರಾಡುವ ಗಾಳಿ ಇರುವುದು ಅದರಲ್ಲೇ. ಅದೇ ಬೇರೆಯವರ ಕೈಯಲ್ಲಿರುತ್ತದೆ.

ಅನುಭವ ಇದ್ದವರಾದರೂ ನೋಡಿ, ಕೇಳಿ ತಿಳಿದುಕೊಳ್ಳುತ್ತಾರೆ. ನೇತ್ರಾಣಿಗೆ ಬರುವವರಲ್ಲಿ ಹೆಚ್ಚಿನವರು ಮೊದಲ ಸಲ ನೀರಿಗೆ ಇಳಿಯುವವರು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬಂದ ಹುಡುಗ ಹುಡುಗಿಯರು, ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪ ಅಮ್ಮ, ಹೊಸದಾಗಿ ಮದುವೆಯಾದವರು. ಎಷ್ಟೋ ಜನರಿಗೆ ಈಜೇ ಬರುವುದಿಲ್ಲ. ತರಬೇತುದಾರರು ಟ್ಯಾಂಕಿನ ಕುತ್ತಿಗೆ ಹಿಡಿದುಕೊಂಡು ಅವರನ್ನು ನೀರೊಳಗೆ ಸುತ್ತಾಡಿಸುತ್ತಾರೆ. ಅವರಿಗೆ ಟ್ಯಾಂಕಿನಲ್ಲಿ ಎಷ್ಟು ಗಾಳಿ ಇದೆ ಅಂತ ತೋರಿಸುವ ಗೇಜ್ ಓದುವುದೂ ಗೊತ್ತಿಲ್ಲ, ವಾಲ್ವ್ ಯಾವ ಕಡೆ ತಿರುಗಿಸಿದರೆ ತೆರೆಯುತ್ತದೆ ಅನ್ನುವುದೂ ಗೊತ್ತಿಲ್ಲ. ಇದು ಅವರ ತಪ್ಪಲ್ಲ. ಅವರು ನಂಬಿ ಬಂದಿರುತ್ತಾರೆ. ಕೇಂದ್ರವನ್ನು ನಂಬುತ್ತಾರೆ, ಅದಕ್ಕಿಂತ ಜಾಸ್ತಿ ಸರ್ಕಾರದ ಅನುಮತಿಯನ್ನು ನಂಬುತ್ತಾರೆ. ಅನುಮತಿ ಕೊಟ್ಟಿದ್ದಾರೆ ಅಂದ ಮೇಲೆ ಯಾರೋ ಎಲ್ಲವನ್ನೂ ನೋಡಿಯೇ ಇರುತ್ತಾರೆ ಅಲ್ವಾ, ಅಂತ ಅಂದುಕೊಳ್ಳುತ್ತಾರೆ.

ಈಗ ಆ ಟ್ಯಾಂಕಿನ ವಿಷಯ. ಜಗತ್ತಿನ ಬೆಚ್ಚಗಿನ ಕಡಲುಗಳಲ್ಲಿ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಅಲ್ಯೂಮಿನಿಯಂ 80 ಅನ್ನುವ ಅಳತೆಯದು. ಒಳಗಿನ ಜಾಗ ಬರೀ 11 ಲೀಟರ್ ಚಿಲ್ಲರೆ. ಒಂದು ಬಾರ್ ಅಂದರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ. ಅದರೊಳಗೆ 207 ಬಾರ್, ಅಮೆರಿಕದ ಅಳತೆಯಲ್ಲಿ 3000 ಪಿಎಸ್‌ಐ ಒತ್ತಡದಲ್ಲಿ ಎರಡು ಸಾವಿರ ಲೀಟರಿಗೂ ಜಾಸ್ತಿ ಗಾಳಿ ತುಂಬುತ್ತಾರೆ. ಆ ಗಾಳಿಯೇ ಎರಡೂವರೆ ಕಿಲೋ ತೂಗುತ್ತದೆ. ದಿನಕ್ಕೆ ಒಂದೆರಡು ಸಲ ತುಂಬುವುದು, ಖಾಲಿ ಮಾಡುವುದು. ಬಿಸಿಲು, ಉಪ್ಪುನೀರು, ದೋಣಿಯ ಕುಲುಕಾಟ. ಹೀಗೆ ವರ್ಷಗಟ್ಟಲೆ. ಲೋಹ ಸುಸ್ತಾಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ನಮ್ಮ ಮನೆಯ ಗ್ಯಾಸ್ ಸಿಲಿಂಡರನ್ನೇ ನೋಡಿ. ಮೇಲಿನ ಹಿಡಿಕೆಯನ್ನು ಹೊತ್ತಿರುವ ಮೂರು ಪಟ್ಟಿಗಳಲ್ಲಿ ಒಂದರ ಒಳಬದಿಯಲ್ಲಿ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತಾರೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲ್‌ನಿಂದ ಜೂನ್, ಸಿ ಅಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ವರ್ಷವನ್ನು ಹೇಳುತ್ತದೆ. ಅಷ್ಟರೊಳಗೆ ಮತ್ತೆ ಪರೀಕ್ಷೆ ಆಗಲೇಬೇಕು. ಎಷ್ಟೋ ಗೃಹಿಣಿಯರು ಅದನ್ನು ನೋಡಿಯೇ ಸಿಲಿಂಡರ್ ಒಳಗೆ ಇಳಿಸಿಕೊಳ್ಳುತ್ತಾರೆ. ಅವಧಿ ಮುಗಿದಿದ್ದರೆ ವಾಪಸ್ ಕಳಿಸುತ್ತಾರೆ. ಆ ಸಿಲಿಂಡರಿನೊಳಗೆ ಮಾಮೂಲಿ ದಿನಗಳಲ್ಲಿ ಹತ್ತು ಬಾರ್ ಒತ್ತಡ ಕೂಡ ಇರುವುದಿಲ್ಲ. ಇನ್ನೂರು ಬಾರ್ ತುಂಬಿ ಮನುಷ್ಯರ ಬೆನ್ನಿಗೆ ಕಟ್ಟುವ ಸಿಲಿಂಡರಿಗೆ ಅಂಥದ್ದೊಂದು ಓದಲು ಬರುವ ಬರಹ ಇಲ್ಲ.

ಗುರುತೇ ಇಲ್ಲ ಅಂತಲ್ಲ. ಟ್ಯಾಂಕಿನ ಹೆಗಲಿನ ಮೇಲೆ, ಅಂದರೆ ವಾಲ್ವಿನ ಕೆಳಗೆ ದುಂಡಗೆ ಇಳಿಯುವ ಭಾಗದಲ್ಲಿ, ಲೋಹದಲ್ಲೇ ಒತ್ತಿದ ಅಕ್ಷರಗಳಿರುತ್ತವೆ. ತಯಾರಕರ ಗುರುತು, ಸರಣಿ ಸಂಖ್ಯೆ, ಯಾವ ಮಾನದಂಡದ ಪ್ರಕಾರ ಮಾಡಿದ್ದು, ಎಷ್ಟು ಒತ್ತಡ ತಡೆಯುತ್ತದೆ, ತಯಾರಾದ ತಿಂಗಳು, ವರ್ಷ. ಆಮೇಲೆ ಪ್ರತಿ ಸಲ ಹೈಡ್ರೋ ಟೆಸ್ಟ್ ಮಾಡಿಸಿದಾಗಲೂ ಹೊಸ ತಿಂಗಳು, ವರ್ಷ ಒತ್ತುತ್ತಾರೆ, ಜೊತೆಗೆ ಪರೀಕ್ಷೆ ಮಾಡಿದವರ ಗುರುತು. ಕೊನೆಯ ಗುರುತಿಗೆ ಐದು ವರ್ಷ ದಾಟಿದೆ ಅಂದರೆ ಆ ಟ್ಯಾಂಕಿಗೆ ಗಾಳಿ ತುಂಬಲೇಬಾರದು.

ಹೈಡ್ರೋ ಟೆಸ್ಟ್ ಅಂದರೆ ಏನು? ವಾಲ್ವ್ ಬಿಚ್ಚಿ, ಟ್ಯಾಂಕಿಗೆ ನೀರು ತುಂಬಿ, ಅದನ್ನು ನೀರಿನ ದೊಡ್ಡ ಪಾತ್ರೆಯೊಳಗೆ ಇಳಿಸುತ್ತಾರೆ. ಮಾಮೂಲಿ ಒತ್ತಡಕ್ಕಿಂತ ಬಹಳ ಜಾಸ್ತಿ ಒತ್ತಡ ಕೊಡುತ್ತಾರೆ. ಅಮೆರಿಕದ ಲೆಕ್ಕದಲ್ಲಿ 3000 ಪಿಎಸ್‌ಐ ಟ್ಯಾಂಕಿಗೆ 5000 ಪಿಎಸ್‌ಐ. ಟ್ಯಾಂಕ್ ಕೊಂಚ ಉಬ್ಬುತ್ತದೆ. ಒತ್ತಡ ಬಿಟ್ಟಾಗ ಮೊದಲಿನ ಗಾತ್ರಕ್ಕೆ ಮರಳಬೇಕು. ಉಬ್ಬಿದ್ದರಲ್ಲಿ ಶೇ 10ಕ್ಕಿಂತ ಜಾಸ್ತಿ ಹಾಗೇ ಉಳಿದುಬಿಟ್ಟರೆ ಲೋಹದ ಶಕ್ತಿ ಮುಗಿದಿದೆ ಅಂತ ಅರ್ಥ. ಆ ಟ್ಯಾಂಕನ್ನು ಮತ್ತೆ ಬಳಸುವ ಹಾಗಿಲ್ಲ. ಇದರ ಜೊತೆಗೆ ವಾಲ್ವ್ ಬಿಚ್ಚಿ, ಒಳಗೆ ದೀಪ ಬಿಟ್ಟು, ತುಕ್ಕು, ಗುಳಿ, ಕುತ್ತಿಗೆಯಲ್ಲಿ ವಾಲ್ವ್ ತಿರುಗಿಸಿ ಕೂರಿಸುವ ಮರೆಯಲ್ಲಿ (ಥ್ರೆಡ್‌ನಲ್ಲಿ) ಬಿರುಕು ಇದೆಯಾ ಅಂತ ಕಣ್ಣಲ್ಲೇ ನೋಡುವ ತಪಾಸಣೆಯೂ ಇದೆ. ಅಮೆರಿಕದ ಡೈವಿಂಗ್ ವಲಯದಲ್ಲಿ ಇದನ್ನು ವರ್ಷಕ್ಕೊಮ್ಮೆ ಮಾಡಿಸುವುದು ರೂಢಿ. ಬ್ರಿಟನ್ನಿನಲ್ಲಿ ಎರಡೂವರೆ ವರ್ಷಕ್ಕೊಮ್ಮೆ. ತಪಾಸಣೆ ಮುಗಿದ ಟ್ಯಾಂಕಿಗೆ ಒಂದು ಸ್ಟಿಕರ್ ಅಂಟಿಸುತ್ತಾರೆ. ಅದು ದೂರದಿಂದಲೇ ಕಾಣುತ್ತದೆ.

ನಮ್ಮ ಪಶ್ಚಿಮ ಕರಾವಳಿಯ ಒಂದು ಕೇಂದ್ರದಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಹೆಸರು ಬೇಡ. ನನ್ನ ದೂರು ಒಂದು ಕೇಂದ್ರದ ಮೇಲಲ್ಲ. ಅಲ್ಲಿ ಟ್ಯಾಂಕುಗಳಿಗೆ ಚೆಂದದ ಹಳದಿ ಬಣ್ಣ ಬಳಿದಿದ್ದರು. ಒಂದರ ಮೇಲೊಂದು ಪದರ. ಹೆಗಲಿನ ಮೇಲಿನ ಅಕ್ಷರಗಳೆಲ್ಲ ಬಣ್ಣದೊಳಗೆ ಮುಚ್ಚಿಹೋಗಿದ್ದವು. ಉಗುರಿನಿಂದ ಕೆರೆದರೂ ವರ್ಷ ಓದಲು ಆಗಲಿಲ್ಲ. ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ "ಎಲ್ಲಾ ಚೆಕ್ ಆಗಿದೆ ಮೇಡಂ, ದಿನಾ ನಾವೇ ಇಳೀತೀವಲ್ಲ" ಅಂದ. ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಅನ್ನಿಸಲಿಲ್ಲ. ಅವನಿಗೂ ಗೊತ್ತಿರಲಿಲ್ಲ, ಅಷ್ಟೇ. ಯಾವ ವರ್ಷ ಅಂತ ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ನಾನು ಇಳಿಯಲಿಲ್ಲ. ನನ್ನ ಹಿಂದೆ ಸಾಲಿನಲ್ಲಿದ್ದವರು ಇಳಿದರು, ಅವರಲ್ಲಿ ಹೈಸ್ಕೂಲು ವಯಸ್ಸಿನ ಇಬ್ಬರು ಮಕ್ಕಳೂ ಇದ್ದರು. ಅವರು ಹುಷಾರಾಗಿಯೇ ವಾಪಸ್ ಬಂದರು. ಆದರೆ ಅವರು ಬರುವ ತನಕ ನನಗೆ ಸಮಾಧಾನ ಇರಲಿಲ್ಲ.

ಬಣ್ಣದ ಬಗ್ಗೆ ಇನ್ನೊಂದು ಮಾತು. ಹಳೆಯ ಟ್ಯಾಂಕ್ ಹೊಸದಾಗಿ ಕಾಣಲಿ ಅಂತ ಬಣ್ಣ ಹೊಡೆಸುವುದು ಎಲ್ಲ ಕಡೆ ಇದೆ. ಬಣ್ಣ ಬೇಗ ಒಣಗಲಿ ಅಂತ ಬಿಸಿ ಒಲೆಯಲ್ಲಿಟ್ಟರೆ ಅಪಾಯ. ಅಲ್ಯೂಮಿನಿಯಂ ಟ್ಯಾಂಕಿಗೆ ಅದರ ಬಲ ಬರುವುದೇ ಕಾರ್ಖಾನೆಯಲ್ಲಿ ಹದವಾಗಿ ಕಾಯಿಸಿ ತಣಿಸುವುದರಿಂದ. ಅಮೆರಿಕದ ನಿಯಮದ ಪ್ರಕಾರ ಸುಮಾರು 177 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ತಗುಲಿದ ಅಲ್ಯೂಮಿನಿಯಂ ಟ್ಯಾಂಕನ್ನು ಗುಜರಿಗೆ ಹಾಕಬೇಕು. ಬುಡಕ್ಕೆ ಹಾಕುವ ಪ್ಲಾಸ್ಟಿಕ್ ಬೂಟಿನದೂ ಅದೇ ಕತೆ. ಟ್ಯಾಂಕ್ ನಿಲ್ಲಿಸಲು ಅದು ಅನುಕೂಲ. ಆದರೆ ಅದರೊಳಗೆ ಉಪ್ಪುನೀರು ನಿಲ್ಲುತ್ತದೆ. ಉಕ್ಕಿನ ಟ್ಯಾಂಕಾದರೆ ಅಲ್ಲೇ ತುಕ್ಕು ಕೊರೆಯಲು ಶುರು. ಬೂಟು ತೆಗೆದು ನೋಡದೆ ಅದು ಯಾರಿಗೂ ಕಾಣುವುದಿಲ್ಲ.

ತೀರಾ ಹಳೆಯ ಟ್ಯಾಂಕುಗಳ ಸಂಗತಿ ಬೇರೆಯೇ. 1980ರ ದಶಕದ ಕೊನೆಯವರೆಗೂ ಹಲವು ಅಲ್ಯೂಮಿನಿಯಂ ಟ್ಯಾಂಕುಗಳನ್ನು 6351 ಅನ್ನುವ ಮಿಶ್ರಲೋಹದಿಂದ ಮಾಡುತ್ತಿದ್ದರು. ಕೆಲವು ದೇಶಗಳಲ್ಲಿ ಆಮೇಲೂ ಮಾಡಿದರು. ಸದಾ ಒತ್ತಡದಲ್ಲೇ ಇಟ್ಟರೆ ಆ ಲೋಹದ ಕುತ್ತಿಗೆಯ ಭಾಗದಲ್ಲಿ ನಿಧಾನಕ್ಕೆ ಬಿರುಕು ಬೆಳೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಕೆಲವು ಟ್ಯಾಂಕುಗಳು ಗಾಳಿ ತುಂಬುವಾಗಲೇ ಸಿಡಿದು ಜನರಿಗೆ ತೀವ್ರ ಗಾಯಗಳಾದವು. ಈಗಿನವು 6061 ಅನ್ನುವ ಲೋಹದವು, ಅವಕ್ಕೆ ಆ ರೋಗ ಇಲ್ಲ. ಹಳೆಯವನ್ನು ಬಳಸಲೇಬೇಕಾದರೆ ವಿದ್ಯುತ್ ಸುರುಳಿ ಇರುವ ಉಪಕರಣದಿಂದ ಕುತ್ತಿಗೆಯನ್ನು ಬೇರೆಯಾಗಿ ಪರೀಕ್ಷಿಸಬೇಕು. ಶ್ರೀಮಂತ ದೇಶಗಳ ಎಷ್ಟೋ ಅಂಗಡಿಗಳು ಅಂಥ ಟ್ಯಾಂಕನ್ನು ಮುಟ್ಟುವುದೇ ಇಲ್ಲ. ಸೆಕೆಂಡ್ ಹ್ಯಾಂಡ್ ಸಾಮಾನು ದೇಶ ದೇಶ ದಾಟುತ್ತದೆ ಅನ್ನುವುದು ನಿಮಗೂ ಗೊತ್ತು. ಹಾಗಾಗಿ ನಮ್ಮ ದಡದ ಪ್ರತಿ ಟ್ಯಾಂಕಿನ ತಯಾರಿಕೆಯ ವರ್ಷ ದಾಖಲೆಯಲ್ಲಿ ಇರಲೇಬೇಕು.

ವಾಲ್ವಿನ ಮರೆಯೂ ಎಲ್ಲ ಟ್ಯಾಂಕಿಗೆ ಒಂದೇ ಅಲ್ಲ. ಕೆಲವಕ್ಕೆ ಇಂಚಿನ ಲೆಕ್ಕದ ಮರೆ, ಕೆಲವಕ್ಕೆ ಎಂ25 ಅನ್ನುವ ಮಿಲಿಮೀಟರ್ ಲೆಕ್ಕದ ಮರೆ. ಎರಡೂ ನೋಡಲು ಹೆಚ್ಚುಕಮ್ಮಿ ಒಂದೇ ಥರ. ಮುಕ್ಕಾಲು ಇಂಚಿನ ಮರೆಯ ಟ್ಯಾಂಕಿಗೆ ಎಂ25 ವಾಲ್ವ್ ತಿರುಗಿಸಿದರೆ ಕೂತಂತೆ ಕಾಣುತ್ತದೆ. ಒತ್ತಡ ಏರಿದಾಗ ಕಿತ್ತು ಹಾರುತ್ತದೆ. ಇಲ್ಲಿ ಗಾಯವಾಗುವುದು ಪ್ರವಾಸಿಗಿಂತ ಮೊದಲು ಗಾಳಿ ತುಂಬುವ ಯಂತ್ರದ, ಅಂದರೆ ಕಂಪ್ರೆಸರಿನ, ಪಕ್ಕ ನಿಂತ ಕೆಲಸದ ಹುಡುಗನಿಗೆ. ದಯವಿಟ್ಟು ಆ ಹುಡುಗರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ದಿನಕ್ಕೆ ಹತ್ತಾರು ಟ್ಯಾಂಕ್ ತುಂಬುವವರು ಅವರೇ. ಅಪಾಯದ ಪಕ್ಕದಲ್ಲಿ ಎಲ್ಲರಿಗಿಂತ ಜಾಸ್ತಿ ಹೊತ್ತು ಇರುವವರೂ ಅವರೇ.

ಇಷ್ಟೂ ಹೊರಗಿನ ಲೋಹದ ಮಾತಾಯಿತು. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಒಳಗಿನ ಗಾಳಿಯದು.

ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್ ತನ್ನ ಸುತ್ತಲಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಕರಾವಳಿಯಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಕರೆಂಟ್ ಹೋದರೆ ಡೀಸೆಲ್ ಜನರೇಟರ್ ಶುರು ಮಾಡುತ್ತಾರೆ. ಜನರೇಟರ್ ಎಲ್ಲಿದೆ, ಅದರ ಹೊಗೆ ಯಾವ ಕಡೆ ಹೋಗುತ್ತದೆ, ಕಂಪ್ರೆಸರಿನ ಬಾಯಿ ಎಲ್ಲಿದೆ, ಅವತ್ತು ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದರ ಮೇಲೆ ಒಬ್ಬರ ಜೀವ ನಿಂತಿರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೊರಗಿನ ಹೊಗೆಯೇ ಬೇಕಂತಲೂ ಇಲ್ಲ. ಸರಿಯಾಗಿ ನೋಡಿಕೊಳ್ಳದ ಕಂಪ್ರೆಸರ್ ಅತಿಯಾಗಿ ಬಿಸಿಯಾದರೆ ಅದರೊಳಗಿನ ಎಣ್ಣೆಯೇ ಸುಟ್ಟು ಇದೇ ವಿಷ ಹುಟ್ಟುತ್ತದೆ.

ನೀರಿನೊಳಗೆ ಇದು ಇನ್ನೂ ಕೆಟ್ಟದ್ದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, 30 ಮೀಟರಿನಲ್ಲಿ ನಾಲ್ಕರಷ್ಟು. ಗಾಳಿಯಲ್ಲಿ ಬೆರೆತ ವಿಷದ ಪ್ರಭಾವವೂ ಹಾಗೆಯೇ ಏರುತ್ತದೆ. ಮೊದಲು ಸುಮ್ನೆ ತಲೆನೋವು, ವಾಕರಿಕೆ. ದೋಣಿಯ ಕುಲುಕಾಟಕ್ಕೆ ಹಾಗಾಗಿರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೊದಲ ಸಲ ಇಳಿದವರಂತೂ ಭಯಕ್ಕೆ ಹೀಗಾಯಿತು ಅಂದುಕೊಳ್ಳುತ್ತಾರೆ. ಯುರೋಪಿನ ಉಸಿರಾಟದ ಗಾಳಿಯ ಮಾನದಂಡದಲ್ಲಿ ಕಾರ್ಬನ್ ಮೊನಾಕ್ಸೈಡ್ ಹತ್ತು ಲಕ್ಷದಲ್ಲಿ 5 ಭಾಗ ದಾಟುವಂತಿಲ್ಲ. ಅಮೆರಿಕದಲ್ಲಿ ಡೈವಿಂಗ್‌ಗೆ ಬಳಸುವ ಇ ದರ್ಜೆಯ ಗಾಳಿಗೆ 10 ಭಾಗದ ಮಿತಿ. ಇಷ್ಟು ಸಣ್ಣ ಪ್ರಮಾಣವನ್ನು ಮೂಗಿನಿಂದ ಹಿಡಿಯಲು ಆಗುವುದಿಲ್ಲ. ಅದಕ್ಕೆ ಅಳೆಯುವ ಉಪಕರಣವೇ ಬೇಕು.

ಕಂಪ್ರೆಸರಿನ ಫಿಲ್ಟರ್ ಇದನ್ನೆಲ್ಲ ತಡೆಯಬೇಕು. ಫಿಲ್ಟರಿನೊಳಗೆ ತೇವ ಹೀರುವ ಕಾಳುಗಳು, ವಾಸನೆ ಹಿಡಿಯುವ ಇದ್ದಿಲು, ಕೆಲವದರಲ್ಲಿ ಕಾರ್ಬನ್ ಮೊನಾಕ್ಸೈಡನ್ನು ಬದಲಿಸುವ ಹಾಪ್ಕಲೈಟ್ ಅನ್ನುವ ಪುಡಿ ಇರುತ್ತದೆ. ಈ ಹಾಪ್ಕಲೈಟ್ ಒದ್ದೆಯಾದರೆ ಕೆಲಸ ಮಾಡುವುದಿಲ್ಲ. ಫಿಲ್ಟರ್ ಇಷ್ಟು ಗಂಟೆ ಬಾಳುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವುದು ಹೆಚ್ಚಾಗಿ ತಂಪು ದೇಶದ ಹವೆಗೆ. ಬಿಸಿ ಏರಿದಷ್ಟೂ, ತೇವ ಜಾಸ್ತಿ ಆದಷ್ಟೂ ಅದರ ಬಾಳಿಕೆ ಕುಸಿಯುತ್ತದೆ. ಭಟ್ಕಳ, ಮುರುಡೇಶ್ವರದ ಏಪ್ರಿಲ್ ತಿಂಗಳ ಸೆಕೆ ಹೇಗಿರುತ್ತದೆ ಅಂತ ಜಿಲ್ಲಾಧಿಕಾರಿಗಳಿಗೆ ನಾನು ಹೇಳಬೇಕಿಲ್ಲ. ಆ ಹವೆಯಲ್ಲಿ ಡಬ್ಬಿಯ ಮೇಲಿನ ಗಂಟೆ ನಂಬಿಕೊಂಡು ಕೂರುವ ಹಾಗಿಲ್ಲ.

ಮಳೆಗಾಲದ ವಿಷಯವನ್ನು ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಅದಕ್ಕೇ ಒತ್ತಿ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲಿಗೆ ಇಳಿಯಲು ಆಗುವುದಿಲ್ಲ. ಅಷ್ಟು ತಿಂಗಳು ಟ್ಯಾಂಕುಗಳು ಯಾವುದೋ ಶೆಡ್ಡಿನಲ್ಲಿ ಬಿದ್ದಿರುತ್ತವೆ. ಸೀಸನ್ನಿನ ಕೊನೆಯ ದಿನ ಪೂರ್ತಿ ಖಾಲಿಯಾಗುವ ತನಕ ಬಳಸಿ, ವಾಲ್ವ್ ತೆರೆದೇ ಬಿಟ್ಟರೆ ತೇವ ಒಳಗೆ ಹೋಗುತ್ತದೆ. ಉಕ್ಕಿನ ಟ್ಯಾಂಕಿನೊಳಗೆ ಉಪ್ಪುನೀರಿನ ನಾಲ್ಕು ಹನಿ ಇದ್ದರೂ ಸಾಕು, ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯಲು ಆಮ್ಲಜನಕ ಬೇಕು. ಗಾಳಿ ತುಂಬಿಟ್ಟ ಟ್ಯಾಂಕಾದರೆ ಆ ಆಮ್ಲಜನಕ ಒಳಗಿನ ಗಾಳಿಯಿಂದಲೇ ಹೋಗುತ್ತದೆ. ತಿಂಗಳುಗಟ್ಟಲೆ ಹಾಗೆ ಬಿಟ್ಟ ಟ್ಯಾಂಕಿನ ಗೇಜ್ ಹೆಚ್ಚುಕಮ್ಮಿ ಭರ್ತಿ ಅಂತಲೇ ತೋರಿಸಬಹುದು, ಆದರೆ ಆ ಗಾಳಿ ಉಸಿರಾಡಲು ಯೋಗ್ಯವಾಗಿ ಉಳಿದಿರದೇ ಇರಬಹುದು. ಇದರಿಂದ ಜನ ಪ್ರಜ್ಞೆ ತಪ್ಪಿದ್ದು, ಸತ್ತದ್ದು ಡೈವಿಂಗ್ ಇತಿಹಾಸದಲ್ಲಿ ದಾಖಲಾಗಿದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಮೊದಲ ದೋಣಿ ಹೊರಡುವ ಮುಂಚೆ ಪ್ರತಿ ಟ್ಯಾಂಕಿನ ಹಳೆಯ ಗಾಳಿ ಬಿಟ್ಟು, ವಾಲ್ವ್ ಬಿಚ್ಚಿ, ಒಳಗೆ ನೋಡಿ, ಹೊಸ ಗಾಳಿ ತುಂಬಲೇಬೇಕು. ಜೂನ್, ಜುಲೈನ ಮೀನುಗಾರಿಕೆ ರಜೆಯಲ್ಲಿ ನಮ್ಮ ಮೀನುಗಾರರು ದೋಣಿ ದಡಕ್ಕೆ ಎಳೆದು ರಿಪೇರಿ ಮಾಡಿಕೊಳ್ಳುತ್ತಾರಲ್ಲ. ಸ್ಕೂಬಾದವರಿಗೂ ಅದೇ ಬಿಡುವು ಸಿಗುತ್ತದೆ.

ಕಾನೂನು ಇಲ್ಲವೇ ಅಂತ ನೀವು ಕೇಳಬಹುದು. ಇದೆ. 1884ರ ಸ್ಫೋಟಕಗಳ ಕಾಯ್ದೆಯಡಿ ಬಂದ ಗ್ಯಾಸ್ ಸಿಲಿಂಡರ್ ನಿಯಮಗಳು, 2016. ಅರ್ಧ ಲೀಟರಿಗಿಂತ ದೊಡ್ಡದಾದ, ಸಾವಿರ ಲೀಟರ್ ಮೀರದ, ಒತ್ತಿದ ಅನಿಲ ತುಂಬುವ ಲೋಹದ ಪಾತ್ರೆಗಳು ಅದರಡಿ ಬರುತ್ತವೆ. ಅಂದರೆ ಸ್ಕೂಬಾ ಟ್ಯಾಂಕೂ ಬರುತ್ತದೆ. ಗುರುತು ಒತ್ತಿರಬೇಕು, ಕಾಲಕಾಲಕ್ಕೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಪರೀಕ್ಷೆ ಆಗಿರಬೇಕು, ಅವಧಿ ಮೀರಿದ್ದಕ್ಕೆ ತುಂಬಬಾರದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಇದನ್ನು ನೋಡಿಕೊಳ್ಳುವುದು ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಅದರ ಕಚೇರಿ ಮಂಗಳೂರಿನಲ್ಲೂ ಇದೆ. ಇನ್ನು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಹೊರತಂದ ಸಾಹಸ ಪ್ರವಾಸೋದ್ಯಮ ಮಾರ್ಗಸೂಚಿಯಲ್ಲಿ ಸ್ಕೂಬಾಕ್ಕೂ ಜಾಗ ಇದೆ.

ಹಾಗಾದರೆ ತೊಂದರೆ ಎಲ್ಲಿ? ಸ್ಫೋಟಕ ಸುರಕ್ಷತೆಯವರು ಪೆಟ್ರೋಲ್ ಬಂಕು, ಗ್ಯಾಸ್ ಗೋದಾಮು, ಪಟಾಕಿ ಮಳಿಗೆಗಳ ಕೆಲಸದಲ್ಲೇ ಮುಳುಗಿರುತ್ತಾರೆ. ಕಡಲತೀರದ ಶೆಡ್ಡಿನಲ್ಲಿರುವ ಮೂವತ್ತು ನಲವತ್ತು ಟ್ಯಾಂಕು ಅವರ ಕಣ್ಣಿಗೆ ಬೀಳುವುದು ಕಷ್ಟ. ಪ್ರವಾಸೋದ್ಯಮ ಇಲಾಖೆಯವರಿಗೆ ಆ ಶೆಡ್ಡು ಗೊತ್ತು, ಆದರೆ ಸಿಲಿಂಡರ್ ನೋಡುವುದು ತಮ್ಮ ಕೆಲಸ ಅಂತ ಅವರಿಗೆ ಅನ್ನಿಸುವುದಿಲ್ಲ. ಟ್ಯಾಂಕು ಎರಡು ಇಲಾಖೆಗಳ ನಡುವೆ ಬಿದ್ದಿದೆ. ನೀವಿಬ್ಬರು ಮನಸ್ಸು ಮಾಡಿದರೆ ಆ ಜಾಗ ತುಂಬಬಹುದು. ಹೊಸ ಕಾನೂನು ಬೇಡ, ಹೊಸ ಹುದ್ದೆ ಬೇಡ.

ಕೇಂದ್ರದ ಕೌಂಟರಿನ ಪಕ್ಕ ಒಂದು ಬೋರ್ಡು ಸಾಕು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಪ್ರತಿ ಟ್ಯಾಂಕಿಗೂ ಒಂದು ನಂಬರ್, ಪಕ್ಕದಲ್ಲಿ ತಯಾರಾದ ವರ್ಷ, ಕೊನೆಯ ಹೈಡ್ರೋ ಟೆಸ್ಟ್, ಒಳಗೆ ನೋಡಿದ ಕೊನೆಯ ತಪಾಸಣೆ. ಅದೇ ನಂಬರ್ ಟ್ಯಾಂಕಿನ ಹೊಟ್ಟೆಯ ಮೇಲೂ ಕಾಣಲಿ, ಹೆಗಲಿನ ಅಕ್ಷರಗಳ ಮೇಲೆ ಬಣ್ಣ ಬಳಿಯುವಂತಿಲ್ಲ ಅಂತ ಹೇಳಿ. ಕೆಳಗೆ ಕಂಪ್ರೆಸರ್ ಫಿಲ್ಟರ್ ಬದಲಿಸಿದ ದಿನ, ಗಾಳಿಯನ್ನು ಪರೀಕ್ಷೆಗೆ ಕಳಿಸಿದ ದಿನ, ಬಂದ ಫಲಿತಾಂಶ. ಅನುಮತಿ ನವೀಕರಿಸುವಾಗ ಪರೀಕ್ಷೆಯ ಪ್ರಮಾಣಪತ್ರಗಳ ಪ್ರತಿ ತೆಗೆದುಕೊಳ್ಳಿ. ಸೀಸನ್ ಶುರುವಾಗುವ ಮುಂಚೆ ಒಮ್ಮೆ ಮಂಗಳೂರಿನ ಅಧಿಕಾರಿಗಳನ್ನು ಜೊತೆಗೆ ಕರೆದುಕೊಂಡು ಹೋಗಿ ಬೋರ್ಡಿನಲ್ಲಿ ಬರೆದದ್ದೂ ಲೋಹದಲ್ಲಿ ಒತ್ತಿದ್ದೂ ಒಂದೇನಾ ಅಂತ ನೋಡಿ. ಒಂದು ದಿನದ ಕೆಲಸ.

ಒಳ್ಳೆಯ ಕೇಂದ್ರಗಳಿಗೆ ಇದು ಹೊರೆ ಆಗುವುದಿಲ್ಲ. ಅಂಥವು ಖಂಡಿತ ಇವೆ. ಅಂಡಮಾನಿನ ಒಂದು ಕಡೆ ನಾನು ಕೇಳುವ ಮೊದಲೇ ಅಲ್ಲಿನ ಹುಡುಗಿ ಟ್ಯಾಂಕ್ ತಿರುಗಿಸಿ ವರ್ಷ ತೋರಿಸಿದಳು, ಫಿಲ್ಟರಿನ ಪುಸ್ತಕ ಮುಂದಿಟ್ಟಳು. ನಮ್ಮಲ್ಲೂ ಹೀಗೆ ಶ್ರದ್ಧೆಯಿಂದ ಕೆಲಸ ಮಾಡುವವರಿದ್ದಾರೆ. ಅವರು ಪರೀಕ್ಷೆಗೆ ದುಡ್ಡು ಸುರಿಯುತ್ತಾರೆ, ಪಕ್ಕದವರು ಏನೂ ಮಾಡಿಸದೆ ದರ ಇಳಿಸುತ್ತಾರೆ. ಗಿರಾಕಿಗೆ ವ್ಯತ್ಯಾಸ ಕಾಣುವುದಿಲ್ಲ, ಕಡಿಮೆ ದರಕ್ಕೇ ಹೋಗುತ್ತಾನೆ. ಬೋರ್ಡು ಬಂದರೆ ವ್ಯತ್ಯಾಸ ಕಾಣುತ್ತದೆ. ನೇತ್ರಾಣಿಯ ದರ ಸ್ವಲ್ಪ ಏರಿದರೂ ಜನ ಬರುತ್ತಾರೆ ಅಂತ ನಾನು ನಂಬಿದ್ದೇನೆ. ಅಲ್ಲಿನ ನೀರು, ಹವಳ, ಮೀನು ಅಷ್ಟು ಚೆನ್ನಾಗಿವೆ.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅದಕ್ಕೂ ಟ್ಯಾಂಕಿಗೂ ಸಂಬಂಧ ಇಲ್ಲ. ಆದರೆ ಅದಾದ ಮೇಲೆ ಕಡಲತೀರ ಮುಚ್ಚಿತು, ಸುರಕ್ಷತೆಯ ಮಾತು ಶುರುವಾಯಿತು. ಆ ಮಕ್ಕಳ ಮನೆಯವರಿಗೆ ಅದರಿಂದ ಏನು ಬಂತು? ಟ್ಯಾಂಕಿನ ವಿಷಯದಲ್ಲಿ ನಮಗೆ ಮೊದಲೇ ಎಲ್ಲವೂ ಗೊತ್ತಿದೆ. ಕಾರಣ ಗೊತ್ತು, ಪರೀಕ್ಷೆ ಗೊತ್ತು, ನಿಯಮವೂ ಇದೆ.

ಈ ಪತ್ರ ಓದುತ್ತಿರುವ ಪ್ರವಾಸಿಗರಿಗೂ ಎರಡು ಮಾತು. ಬೋರ್ಡು ಬರುವ ತನಕ ನೀವೇ ಕೇಳಿ. "ಈ ಟ್ಯಾಂಕಿನ ಹೈಡ್ರೋ ಟೆಸ್ಟ್ ಯಾವಾಗ ಆಗಿದ್ದು, ತೋರಿಸ್ತೀರಾ?" ಅಷ್ಟೇ ಸಾಕು. ಹೆಗಲಿನ ಮೇಲೆ ತಿಂಗಳು, ವರ್ಷ ಹುಡುಕಿ. ಆಳವಾದ ಗೀರು, ಗುಳಿ, ಉಬ್ಬು, ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕಂಡರೆ ಬೇರೆ ಟ್ಯಾಂಕ್ ಕೇಳಿ. ವಾಲ್ವನ್ನು ಒಂದು ಕ್ಷಣ ತೆರೆಸಿ ಗಾಳಿ ಮೂಸಿ ನೋಡಿ. ಎಣ್ಣೆ ವಾಸನೆ, ಸುಟ್ಟ ವಾಸನೆ, ಮುಗ್ಗಲು ವಾಸನೆ ಬಂದರೆ ಬೇಡ. ವಾಸನೆ ಇಲ್ಲದ ಮಾತ್ರಕ್ಕೆ ಗಾಳಿ ಶುದ್ಧ ಅಂತ ಅಲ್ಲ, ಅದು ನೆನಪಿರಲಿ. ರೆಗ್ಯುಲೇಟರ್ ಜೋಡಿಸಿದ ಮೇಲೆ ದೋಣಿಯಲ್ಲೇ ನಾಲ್ಕೈದು ಸಲ ಉಸಿರೆಳೆಯಿರಿ, ಕಣ್ಣು ಗೇಜಿನ ಮೇಲಿರಲಿ. ಮುಳ್ಳು 200 ಬಾರ್ ಆಸುಪಾಸಿನಲ್ಲಿ ನಿಂತಿರಬೇಕು. ಉಸಿರೆಳೆದಾಗಲೆಲ್ಲ ಮುಳ್ಳು ಕುಸಿದು ಮತ್ತೆ ಏರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಆಳಕ್ಕೆ ಹೋದ ಮೇಲೆ ಗಾಳಿ ಸಾಲದೆ ಆಗಬಹುದು. ತರಬೇತುದಾರರಿಗೆ ಅಲ್ಲೇ ಹೇಳಿ. ನೀರೊಳಗೆ ಇದ್ದಕ್ಕಿದ್ದಂತೆ ತಲೆನೋವು, ತಲೆಸುತ್ತು ಬಂದರೆ ಸಹಿಸಿಕೊಳ್ಳಬೇಡಿ, ಹೆಬ್ಬೆರಳು ಮೇಲೆತ್ತಿ ತರಬೇತುದಾರರ ಜೊತೆ ನಿಧಾನಕ್ಕೆ ಮೇಲೆ ಬನ್ನಿ. ನಾಲ್ಕು ಜನ ಸಾಲಿನಲ್ಲಿ ಕಾಯುತ್ತಿದ್ದಾರೆ ಅಂತ ಸಂಕೋಚ ಪಡಬೇಡಿ.

ಮಾನ್ಯರೆ, ಮುಂದಿನ ಸೀಸನ್ ಶುರುವಾಗುವ ಮುಂಚೆ ಈ ಷರತ್ತು ಅನುಮತಿ ಪತ್ರದಲ್ಲಿ ಸೇರಲಿ ಅಂತ ಕೇಳಿಕೊಳ್ಳುತ್ತೇನೆ. ಬೋರ್ಡಿನಲ್ಲಿ ಏನೇನು ಇರಬೇಕು ಅನ್ನುವ ಮಾದರಿಯನ್ನು ಬರೆದುಕೊಡಲು, ನಿಮ್ಮ ಸಿಬ್ಬಂದಿಗೆ ಟ್ಯಾಂಕಿನ ಹೆಗಲಿನ ಗುರುತು ಓದುವುದನ್ನು ಹೇಳಿಕೊಡಲು ನಾನು ಮತ್ತು ನನ್ನಂಥ ಕೆಲವು ಡೈವರುಗಳು ಸಿದ್ಧರಿದ್ದೇವೆ. ಅದಕ್ಕೆ ಯಾವ ಸಂಭಾವನೆಯೂ ಬೇಡ. ಕರೆದ ದಿನ ಮುರುಡೇಶ್ವರಕ್ಕೆ ಬರುತ್ತೇವೆ. ನಿಮ್ಮ ಉತ್ತರಕ್ಕಾಗಿ ಕಾಯುತ್ತೇನೆ.

ಇಂತಿ,
ನೇತ್ರಾಣಿಯ ಕಡಲಿಗೆ ಮತ್ತೆ ಮತ್ತೆ ಇಳಿಯುವ ಒಬ್ಬ ಕನ್ನಡತಿ